ಪೇಢೆ ಹಂಚಿದ ಮೇಲಿನ ವರ್ಷ

ನಮ್ಮ ಗಡಿಯ ಊರುಗಳಲ್ಲಿ ಒಬ್ಬ ಹುಡುಗನಿಗೋ ಹುಡುಗಿಗೋ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಪ್ರವೇಶ ದೊರೆಯಿತೆಂಬ ವಾರ್ತೆ ಬಂದರೆ ಅದು ಒಂದು ಮನೆಯ ಹಬ್ಬವಾಗಿ ಉಳಿಯುವುದಿಲ್ಲ. ಇಡೀ ಓಣಿಯ ಹಬ್ಬವಾಗುತ್ತದೆ. ಪೇಢೆಯ ಪೆಟ್ಟಿಗೆಗಳು ಬರುತ್ತವೆ. ಸೊಸೈಟಿಯ ಅಧ್ಯಕ್ಷರು ಶಾಲು ಹೊದಿಸುತ್ತಾರೆ. ಬಸ್ ನಿಲ್ದಾಣದ ಎದುರು ಭಾವಚಿತ್ರದ ಫಲಕ ಏಳುತ್ತದೆ. ಅಲ್ಲಿಯ ತನಕ ಹೆಸರು ಹಿಡಿದು ಕೂಗುತ್ತಿದ್ದ ಅಜ್ಜಿಯರೂ ಅಂದಿನಿಂದ ‘ನಮ್ಮ ಡಾಕ್ಟರ’ ಎನ್ನತೊಡಗುತ್ತಾರೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಆ ಮಗು ಹಾಸಿಗೆ ಸುತ್ತಿಕೊಂಡು ವಸತಿಗೃಹ ಸೇರಿದ ಮೇಲೆ ಮುಂದಿನ ಹನ್ನೆರಡು ತಿಂಗಳು ಅದರ ಬಾಳಿನಲ್ಲಿ ಏನು ನಡೆಯುತ್ತದೆಂಬುದು ಊರಿಗೆ ತಿಳಿಯುವುದಿಲ್ಲ. ಬಹಳ ಸಲ ಹೆತ್ತವರಿಗೂ ತಿಳಿಯುವುದಿಲ್ಲ.

ನಾವು ವೈದ್ಯರಲ್ಲ. ಡಿ.ಎಡ್. ತರಬೇತಿ ಮುಗಿಸಿ, ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಳೆದವರು. ನಮ್ಮ ಕೈಯಲ್ಲಿ ಅ ಆ ಇ ಈ ಕಲಿತವರಲ್ಲಿ ಐದಾರು ಮಂದಿ ಈ ವಿದ್ಯೆಗೆ ಹೋದರು. ಅವರನ್ನು ವಸತಿಗೃಹಗಳಲ್ಲಿ ಕಂಡು ಬಂದಿದ್ದೇವೆ, ರಜೆಗೆ ಬಂದಾಗ ಕಟ್ಟೆಯ ಮೇಲೆ ಕೂಡಿಸಿಕೊಂಡು ಮಾತಾಡಿಸಿದ್ದೇವೆ. ಪಾಲಕರು ನಮ್ಮ ಬಳಿಗೆ ಬಂದು ಎಷ್ಟು ಅಂಕ ಬೇಕು, ಯಾವ ದಾಖಲೆ ಬೇಕು, ಶುಲ್ಕ ಎಷ್ಟು ಎಂದು ಕೇಳುತ್ತಾರೆ. ಒಳಗೆ ಹೋದ ಮೇಲೆ ಏನಾಗುತ್ತದೆ ಗುರುಗಳೇ ಎಂದು ಕೇಳಿದವರನ್ನು ನಾವು ಈವರೆಗೆ ಕಂಡಿಲ್ಲ. ಆದ್ದರಿಂದ ಕೇಳದಿದ್ದರೂ ಹೇಳುವ ಸಲಿಗೆಯನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ನಮ್ಮ ಭಾಗದಿಂದ ಈ ವಿದ್ಯೆಗೆ ಎರಡು ದಾರಿಗಳಿವೆ. ಒಂದು ಮಹಾರಾಷ್ಟ್ರದ್ದು. ಮಿರಜಿನ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ 1962ರಿಂದ ಇದೆ, ಕೊಲ್ಹಾಪುರದಲ್ಲಿ ಡಿ. ವೈ. ಪಾಟೀಲ ಮಹಾವಿದ್ಯಾಲಯ 1989ರಲ್ಲಿ ಆರಂಭವಾಯಿತು, ಸಿ.ಪಿ.ಆರ್. ಆಸ್ಪತ್ರೆಯೊಡನೆ ಕೂಡಿದ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಸರಕಾರಿ ಮಹಾವಿದ್ಯಾಲಯ ಈ ಶತಮಾನದ ಆರಂಭದಲ್ಲಿ ಬಂದಿತು. ಇನ್ನೊಂದು ಕರ್ನಾಟಕದ ದಾರಿ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ 1963ರದು. ಗಡಹಿಂಗ್ಲಜ, ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂಬ ಲೆಕ್ಕದಲ್ಲಿ ಕರ್ನಾಟಕದ ಸೀಟುಗಳಿಗೆ ಅರ್ಹತೆ ಕೋರುವ ಅವಕಾಶವಿದೆ. ಅದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಒಂದು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತಾರೆ. ಆಯಾ ವರ್ಷದ ನಿಯಮಾವಳಿಯನ್ನು ಪಾಲಕರು ತಾವೇ ಓದಿಕೊಳ್ಳಬೇಕು; ಚಹಾದಂಗಡಿಯಲ್ಲಿ ಕೇಳಿದ್ದನ್ನು ನಂಬಬಾರದು.

ವೈದ್ಯಕೀಯದ ಮೊದಲ ವರ್ಷ ಎಂದೊಡನೆ ನಮಗೆ ಕೊಲ್ಹಾಪುರದ ಹೆಸರಿನೊಡನೆ ಸೇರಿಕೊಂಡ ಒಬ್ಬ ಹೆಣ್ಣುಮಗಳು ನೆನಪಾಗುತ್ತಾಳೆ. ಆನಂದೀಬಾಯಿ ಜೋಶಿ 1883ರಲ್ಲಿ, ಹದಿನೆಂಟರ ಹರೆಯದಲ್ಲಿ, ಕಲಕತ್ತೆಯಲ್ಲಿ ಹಡಗು ಹತ್ತಿ ಅಮೆರಿಕೆಯ ಫಿಲಡೆಲ್ಫಿಯಾಕ್ಕೆ ಹೋದಳು. 1886ರ ಮಾರ್ಚಿನಲ್ಲಿ ಪದವಿ ಪಡೆದಳು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀಯರ ವಿಭಾಗದ ಹೊಣೆ ಅವಳಿಗಾಗಿ ಕಾದಿತ್ತು. ಆದರೆ ಆ ಹುದ್ದೆಯಲ್ಲಿ ನೆಲೆನಿಲ್ಲುವ ಮೊದಲೇ, 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವುದರೊಳಗೆ ತೀರಿಕೊಂಡಳು. ಮನೆಯ ಭಾಷೆ ಇಲ್ಲದ, ಮನೆಯ ಊಟವಿಲ್ಲದ ನಾಡಿನಲ್ಲಿ ಅವಳು ಕಳೆದ ಆ ಮೊದಲ ಚಳಿಗಾಲಕ್ಕೂ, ಹಿರಣ್ಯಕೇಶಿಯ ದಂಡೆಯಿಂದ ಎದ್ದು ಹೋದ ಹುಡುಗನೊಬ್ಬ ಅರವತ್ತು ಎಪ್ಪತ್ತು ಕಿಲೋಮೀಟರಿನಾಚೆ ಕಳೆಯುವ ಮೊದಲ ಚಳಿಗಾಲಕ್ಕೂ ದೂರದಲ್ಲಿ ಹೋಲಿಕೆಯಿಲ್ಲ. ಒಳಗಿನ ಪಾಡಿನಲ್ಲಿ ಸ್ವಲ್ಪ ಇದೆ.

ಮೊದಲ ವರ್ಷದಲ್ಲಿ ಕಲಿಯುವ ಮುಖ್ಯ ವಿಷಯಗಳು ಮೂರು: ಶರೀರರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ. ಜೊತೆಗೆ ಈಗ ಸಮುದಾಯ ವೈದ್ಯದ ಮೊದಲ ಪಾಠಗಳೂ, ರೋಗಿಯೊಡನೆ ಹೇಗೆ ಮಾತಾಡಬೇಕೆಂಬ ಪಾಠಗಳೂ ಸೇರಿವೆ. ಮೂರರಲ್ಲಿ ಮೊದಲನೆಯದೇ ಮಕ್ಕಳನ್ನು ಹಿಡಿದು ಅಲ್ಲಾಡಿಸುವುದು.

ಇಚಲಕರಂಜಿಯ ಮಗ್ಗದ ಮನೆಯ ಒಬ್ಬ ಹುಡುಗಿಯ ಮಾತನ್ನು ಹೇಳುತ್ತೇವೆ. ಅವಳ ಅಜ್ಜಿ ನಮ್ಮೂರವಳು. ನಾಲ್ಕನೆಯ ಇಯತ್ತೆಯ ತನಕ ಅಜ್ಜಿಯ ಮನೆಯಲ್ಲಿದ್ದು ನಮ್ಮಲ್ಲೇ ಓದಿದಳು. ತಂದೆ ಪಾಳಿಯ ಮೇಲೆ ವಿದ್ಯುತ್ ಮಗ್ಗ ನಡೆಸುವವರು. ಹಗಲೂ ರಾತ್ರಿಯೂ ಮಗ್ಗದ ಖಟಖಟ ಸದ್ದಿನಲ್ಲಿಯೇ ಓದಿ ಬೆಳೆದವಳಿಗೆ ಕೊಲ್ಹಾಪುರದ ವಸತಿಗೃಹದ ಮೌನದಲ್ಲಿ ಮೊದಲ ಹದಿನೈದು ದಿನ ನಿದ್ದೆ ಬರಲಿಲ್ಲವಂತೆ. ಇದನ್ನು ಅವಳು ನಗುತ್ತ ಹೇಳಿದಳು. ಶವವಿಚ್ಛೇದನದ ಕೋಣೆಯ ಸಂಗತಿಯನ್ನು ಹೇಳುವಾಗ ನಗಲಿಲ್ಲ.

ಬಿಳಿಯ ಏಪ್ರನ್ ತೊಟ್ಟು ಮೊದಲ ದಿನ ಆ ಕೋಣೆಯ ಬಾಗಿಲಲ್ಲಿ ನಿಂತಾಗ ಅವರೆಲ್ಲರಿಂದ ಒಂದು ಪ್ರತಿಜ್ಞೆಯನ್ನು ಮಾಡಿಸುತ್ತಾರೆ. ಈ ದೇಹವೇ ನನ್ನ ಮೊದಲ ಗುರು, ಇದನ್ನು ಗೌರವದಿಂದ ಕಾಣುವೆನೆಂಬುದು ಅದರ ತಾತ್ಪರ್ಯ. ಬಳಿಕ ಹತ್ತು ಹದಿನೈದು ಮಂದಿಯ ಗುಂಪಿಗೆ ಒಂದು ಮೇಜು. ದೇಹ ಕೆಡದಿರಲೆಂದು ಬಳಸುವ ಫಾರ್ಮಾಲಿನ್ ಕಣ್ಣಲ್ಲಿ ನೀರು ತರಿಸುತ್ತದೆ, ಮೂಗಿನಲ್ಲಿ ನಿಲ್ಲುತ್ತದೆ, ಎಷ್ಟು ತೊಳೆದರೂ ಬೆರಳಿನಲ್ಲಿ ಉಳಿಯುತ್ತದೆ. ಎಂಟು ದಿನ ಕೈಯಿಂದ ರೊಟ್ಟಿ ಮುರಿಯಲಾಗದೆ ಚಮಚದಲ್ಲಿ ಅನ್ನ ಉಂಡಳಂತೆ. “ಮುಖ ನೋಡಾಕ ಅಂಜಿಕಿ ಇತ್ತು ಸರ್, ಅದಕ್ಕ ಕೈ ನೋಡಿದೆ. ಕೈ ನೋಡಿದ ಕೂಡಲೇ ಅಳು ಬಂತು. ಬೆರಳ ತುದಿ ನಮ್ಮಪ್ಪನ ಬೆರಳಂಗ ಗಟ್ಟಿ ಆಗಿದ್ವು.” ಅಂದು ಅವಳ ಗುಂಪಿನಲ್ಲಿ ಒಬ್ಬ ಹುಡುಗ ತಲೆಸುತ್ತಿ ಕುಳಿತನು. ಆಗ ನಕ್ಕ ಇಬ್ಬರು ರಾತ್ರಿ ದೀಪ ಆರಿಸಲು ಒಪ್ಪಲಿಲ್ಲ. ತಿಂಗಳೊಳಗೆ ಎಲ್ಲರಿಗೂ ರೂಢಿಯಾಯಿತು. ರೂಢಿಯಾದದ್ದೇ ತನಗೆ ಹೆಚ್ಚು ಹೆದರಿಕೆ ತಂದಿತೆಂದು ಅವಳು ಹೇಳಿದ ಮಾತನ್ನು ನಾವು ಬಹಳ ದಿನ ಯೋಚಿಸಿದ್ದೇವೆ.

ಆ ಮೇಜಿನ ಮೇಲಿನ ದೇಹ ಯಾರದು? ಮುಂಬಯಿ ಪ್ರಾಂತದ 1949ರ ಅನಾಟಮಿ ಕಾಯಿದೆಯಂತೆ ವಾರಸುದಾರರಿಲ್ಲದ ದೇಹಗಳು ಮಹಾವಿದ್ಯಾಲಯಗಳಿಗೆ ಸಲ್ಲುತ್ತವೆ. ತಾವಾಗಿಯೇ ದೇಹವನ್ನು ದಾನವಾಗಿ ಬರೆದಿಟ್ಟವರೂ ಇದ್ದಾರೆ. 1836ರಲ್ಲಿ ಕಲಕತ್ತೆಯಲ್ಲಿ ಮಧುಸೂದನ ಗುಪ್ತರು ಮೊದಲ ಬಾರಿಗೆ ಶವಕ್ಕೆ ಶಸ್ತ್ರ ಮುಟ್ಟಿಸಿದಾಗ ನಾಡೆಲ್ಲ ಗದ್ದಲವೆದ್ದಿತ್ತು. ನಮ್ಮ ಸಮೀಪದಲ್ಲೇ ನಡೆದ ಸಂಗತಿ ಅದಕ್ಕಿಂತ ಮನ ಮುಟ್ಟುವಂಥದು. ಬೈಲಹೊಂಗಲದ ವೈದ್ಯ ಡಾ. ರಾಮಣ್ಣವರ ಅವರು ತಮ್ಮ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕೆಂದು ಬಯಸಿ 2008ರಲ್ಲಿ ತೀರಿಕೊಂಡರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶರೀರರಚನೆಯ ಅಧ್ಯಾಪಕರು. 2010ರ ನವೆಂಬರಿನಲ್ಲಿ ಅವರು ವಿದ್ಯಾರ್ಥಿಗಳೆದುರಿಗೆ ತಮ್ಮ ತಂದೆಯ ದೇಹವನ್ನು ತಾವೇ ವಿಚ್ಛೇದಿಸಿ ಪಾಠ ಹೇಳಿದರು. ಅಂದು ಆ ಕೋಣೆಯಲ್ಲಿದ್ದ ಮಕ್ಕಳಿಗೆ ಪ್ರತಿಜ್ಞೆಯ ಮಾತುಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿ ಬಂದಿರಲಾರದು.

ಇನ್ನು ಶಬ್ದಗಳ ಮಾತು. ದೊಡ್ಡವರ ಮೈಯಲ್ಲಿ 206 ಎಲುಬುಗಳು. ಒಂದೊಂದು ಎಲುಬಿಗೂ ಅಂಚು, ಗುಣಿ, ಗಂಟು, ರಂಧ್ರ. ಪ್ರತಿಯೊಂದಕ್ಕೂ ಲ್ಯಾಟಿನ್ ಇಲ್ಲವೆ ಗ್ರೀಕ್ ಹೆಸರು. ಮೌಖಿಕ ಪರೀಕ್ಷೆಯಲ್ಲಿ ಎಲುಬೊಂದನ್ನು ಕೈಗಿತ್ತು ಇದು ಎಡಗಡೆಯದೋ ಬಲಗಡೆಯದೋ ಎಂದು ಕೇಳುತ್ತಾರೆ. ಮಕ್ಕಳು ಎಲುಬಿನ ಚೀಲವನ್ನು ವಸತಿಗೃಹಕ್ಕೆ ತಂದು ತಲೆದಿಂಬಿನ ಬಳಿ ಇಟ್ಟು ಓದುತ್ತಾರೆ. ನಮ್ಮ ತರಬೇತಿಯ ಕಾಲದಲ್ಲಿ ಬಾಯಿಪಾಠವೆಂದರೆ ಹಳೆಯ ಪಾಪವೆಂಬಂತೆ ಉಪನ್ಯಾಸಕರು ಮಾತಾಡುತ್ತಿದ್ದರು. ಈ ವಿದ್ಯೆಯಲ್ಲಿ ಬಾಯಿಪಾಠವಿಲ್ಲದೆ ಒಂದು ಹೆಜ್ಜೆಯೂ ಸಾಗದು. ಇಪ್ಪತ್ತೊಂಬತ್ತರ ಮಗ್ಗಿಯನ್ನು ಹೇಳಿಸುತ್ತಿದ್ದ ಹಳೆಯ ಮಾಸ್ತರರ ಪರವಾಗಿ ಇಷ್ಟನ್ನಾದರೂ ಹೇಳಬೇಕು.

ಆದರೆ ಆ ಹೆಸರುಗಳ ಭಯಕ್ಕೆ ಒಂದು ಮದ್ದಿದೆ. ಅವು ಮಂತ್ರಗಳಲ್ಲ, ಹಳೆಯ ರೋಮನರ ಮನೆಯ ಸಾಮಾನುಗಳು. ಕೊರಳ ಬುಡದ ಎಲುಬಿಗೆ ಕ್ಲಾವಿಕಲ್ ಎನ್ನುತ್ತಾರೆ. ಅದರರ್ಥ ಸಣ್ಣ ಬೀಗದಕೈ. ಮೊಣಕಾಲ ಕೆಳಗಿನ ಟಿಬಿಯಾ ಎಂದರೆ ಕೊಳಲು. ಮೊಣಕಾಲ ಮೇಲಿನ ಪಟೆಲ್ಲಾ ಎಂದರೆ ಸಣ್ಣ ತಟ್ಟೆ. ಅದನ್ನೇ ಮರಾಠಿಯವರು ವಾಟಿ ಎನ್ನುತ್ತಾರೆ, ನಾವು ಚಿಪ್ಪು ಎನ್ನುತ್ತೇವೆ. ಒಬ್ಬರಿಗೆ ತಟ್ಟೆ, ಒಬ್ಬರಿಗೆ ಬಟ್ಟಲು, ಒಬ್ಬರಿಗೆ ಚಿಪ್ಪು. ಕಂಡದ್ದು ಒಂದೇ ಎಲುಬು.

ನಮ್ಮ ಗಡಿಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಅದು ಬೆಂಗಳೂರಿನವರಿಗೂ ಪುಣೆಯವರಿಗೂ ಇಲ್ಲ. ಮನೆಯಲ್ಲಿ ಕನ್ನಡ, ಪ್ರೌಢಶಾಲೆಯಲ್ಲಿ ಮರಾಠಿ, ಹನ್ನೊಂದನೆಯ ಇಯತ್ತೆಯ ವಿಜ್ಞಾನದಿಂದ ಮುಂದೆ ಇಂಗ್ಲಿಷ್. ಮರಾಠಿಯಲ್ಲಿ ‘ಮಾನ’ ಎಂದರೆ ಕುತ್ತಿಗೆ. ನಮಗೆ ಮಾನವೆಂದರೆ ಮರ್ಯಾದೆ. ‘ಪಾಠ ದುಖತೆ’ ಎಂದರೆ ಬೆನ್ನು ನೋಯುತ್ತದೆ ಎಂದರ್ಥ. ನಮ್ಮ ಮಗುವಿಗೆ ಪುಸ್ತಕದ ಪಾಠವೇ ನೋಯಿಸಿತೆಂದು ಕೇಳಿಸುತ್ತದೆ. ಅವರ ‘ಮಾಂಡಿ’ ತೊಡೆ, ನಮ್ಮ ಪುಸ್ತಕದ ಮಂಡಿ ಮೊಣಕಾಲು. ‘ಕಪಾಳ’ ಅವರಿಗೆ ಹಣೆ, ನಮಗೆ ಕೆನ್ನೆ, ಸಂಸ್ಕೃತದ ಪಂಡಿತರಿಗೆ ತಲೆಬುರುಡೆ. ಸಿ.ಪಿ.ಆರ್. ಆಸ್ಪತ್ರೆಯಂಥ ಕಡೆ ಕನ್ನಡದ ಮುದುಕಿಯೊಬ್ಬಳು ಬಂದು ಕಪಾಳ ನೋವೆಂದರೆ ಆಕೆ ತೋರಿಸುವುದು ಹಲ್ಲಿನ ಬಳಿಯನ್ನು. ಕೇಳಿದವರು ಬರೆದುಕೊಳ್ಳುವುದು ತಲೆನೋವೆಂದು. ಈ ವ್ಯತ್ಯಾಸವನ್ನು ಹಿಡಿಯಬಲ್ಲವರು ಎರಡೂ ಭಾಷೆಯ ಅಂಗಳದಲ್ಲಿ ಆಡಿದ ನಮ್ಮ ಮಕ್ಕಳು. ಆದರೆ ಮೊದಲ ವರ್ಷದಲ್ಲಿ ಇದು ಅವರ ಬಲವೆಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದ ನಾಚಿಕೆಯೊಂದೇ ಲೆಕ್ಕಕ್ಕೆ ಬರುತ್ತದೆ.

ಈ ನಾಚಿಕೆ ಒಬ್ಬ ಹುಡುಗನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಹೇಳಬೇಕು. ಅವನು ನಮ್ಮೂರ ರೈತನ ಮಗ. 2023ರಲ್ಲಿ ಗಡಿನಾಡ ಕನ್ನಡಿಗನೆಂದು ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಕರ್ನಾಟಕದ ಒಂದು ಮಹಾವಿದ್ಯಾಲಯಕ್ಕೆ ಸೇರಿದನು. ಸೀಟು ಕೊಡಿಸಿದ ಭಾಷೆ ತರಗತಿಯಲ್ಲಿ ಅವನ ಕಿವಿಗೆ ಬೀಳಲಿಲ್ಲ. ನಮ್ಮಲ್ಲಿ ಏಳು ವರ್ಷವೂ, ಗಡಹಿಂಗ್ಲಜದ ಪ್ರೌಢಶಾಲೆಯಲ್ಲಿಯೂ ಮೊದಲನೆಯವನಾಗಿದ್ದವನು. ಅಲ್ಲಿಯಾದರೋ ಎಲ್ಲರೂ ತಮ್ಮ ತಮ್ಮ ಊರಿನ ಮೊದಲನೆಯವರೇ. ಆದ್ದರಿಂದ ಅವರಲ್ಲಿ ಯಾರಾದರೊಬ್ಬರು ಕೊನೆಯವರಾಗಲೇಬೇಕು. ಮೊದಲ ಆಂತರಿಕ ಪರೀಕ್ಷೆಯಲ್ಲಿ ಶರೀರರಚನೆಗೆ ಅವನಿಗೆ ಬಂದದ್ದು ನೂರಕ್ಕೆ 31. 2024ರ ಸಂಕ್ರಮಣಕ್ಕೆ ಟ್ರಂಕು ಸಮೇತ ಮನೆಗೆ ಬಂದನು. ರಜೆ ಮುಗಿದರೂ ಹೊರಡಲಿಲ್ಲ.

ಕಬ್ಬು ಕಡಿಯುವ ಸುಗ್ಗಿಯ ದಿನಗಳು. ತಂದೆ ಸಂಜೆ ಹೊಲದಿಂದ ನೇರವಾಗಿ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. “ಗುರುಗಳ, ಸೊಸೈಟಿ ಸಾಲ ನಾ ತೀರಿಸ್ತೀನ್ರಿ, ಅದರ ಚಿಂತಿ ಇವಗ ಬ್ಯಾಡ. ಆದ್ರ ಒಲ್ಲೆ ಅಂತಾನ. ಊರಾಗ ನಾ ಏನಂತ ಹೇಳ್ಲಿ?” ಎಂದರು. ಹುಡುಗ ನೆಲ ನೋಡುತ್ತ ಕುಳಿತಿದ್ದನು. ಒಲ್ಲೆನೆಂದು ಬಿಟ್ಟುಬರುವುದು ಅಪರಾಧವಲ್ಲವೆಂದೇ ನಮ್ಮ ಅಭಿಪ್ರಾಯ. ಅದನ್ನು ತಂದೆಯ ಎದುರಿಗೇ ಹೇಳಿದೆವು. ಫಲಕ ಕಟ್ಟಿದ ಊರಿಗೆ ಫಲಕ ಬಿಚ್ಚುವುದೂ ಬರುತ್ತದೆ. ಆದರೆ ಅವನು ವಿದ್ಯೆಯನ್ನು ಒಲ್ಲೆನೆನ್ನುತ್ತಿರುವನೋ, 31ನ್ನು ಒಲ್ಲೆನೆನ್ನುತ್ತಿರುವನೋ ನಮಗೆ ತಿಳಿಯಲಿಲ್ಲ. “ತಮ್ಮಾ, ನಾಳಿ ಶಾಲಿಗಿ ಬಾ. ಕೈಯೊಳಗ ಏನೈತಿ ಅಂತ ಏಳನೇತ್ತೆ ಮಕ್ಕಳಿಗಿ ಹೇಳು. ಕನ್ನಡದಾಗ ಹೇಳು” ಎಂದೆವು. ಮತ್ತೇನನ್ನೂ ಹೇಳಲಿಲ್ಲ.

ಬಂದನು. ಪರೀಕ್ಷೆಯಲ್ಲಿ ತನ್ನನ್ನು ಕೆಡವಿದ ಚಿತ್ರವನ್ನೇ ಹಲಗೆಯ ಮೇಲೆ ಬರೆಯತೊಡಗಿದನು. ಕುತ್ತಿಗೆಯಿಂದ ತೋಳಿಗಿಳಿಯುವ ನರಗಳ ಜಾಲ. ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ಐದು ಬೇರುಗಳು ಕೂಡಿ ಮೂರು ಕಾಂಡಗಳಾಗುತ್ತವೆ, ಪ್ರತಿ ಕಾಂಡವೂ ಹಿಂದು ಮುಂದೆಂದು ಎರಡಾಗಿ ಒಡೆದು ಆರು ಕವಲಾಗುತ್ತದೆ, ಆರು ಮತ್ತೆ ಕೂಡಿ ಮೂರು ಹುರಿಗಳಾಗುತ್ತವೆ, ಅವುಗಳಿಂದ ಐದು ದೊಡ್ಡ ನರಗಳು ಕೈಗೆ ಹೋಗುತ್ತವೆ. ಮಕ್ಕಳು ಬಾಯಿ ತೆರೆದು ನೋಡಿದರು, ಯಾರಿಗೂ ತಿಳಿಯಲಿಲ್ಲ. ಅವನು ಅಳಿಸಿದನು. ಸ್ವಲ್ಪ ಹೊತ್ತು ಸುಮ್ಮನೆ ನಿಂತನು. ಬಳಿಕ ಕಬ್ಬಿನ ಹೊಲವನ್ನು ಬರೆದನು. ಐದು ಬಾವಿಗಳ ನೀರು, ಮೂರು ಕಾಲುವೆ, ಒಂದೊಂದು ಕಾಲುವೆಯ ನೀರನ್ನೂ ಮುಂದಿನ ಹೊಲಕ್ಕಿಷ್ಟು ಹಿಂದಿನ ಹೊಲಕ್ಕಿಷ್ಟೆಂದು ಒಡೆದದ್ದು, ಹಿಂದಿನ ಮೂರು ಕವಲೂ ಕೂಡಿ ಒಂದೇ ದೊಡ್ಡ ಕಾಲುವೆಯಾದದ್ದು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಆ ಹಿಂದಿನ ಕಾಲುವಿಗಿ ಒಡ್ಡು ಹಾಕಿದ್ರ ಯಾವ ಹೊಲ ಒಣಗತೈತ್ರಿ?”

ಅವನು ತನ್ನ ಮುಂಗೈಯನ್ನು ಎತ್ತಿ, ಮಣಿಕಟ್ಟನ್ನು ಸಡಿಲ ಬಿಟ್ಟು, ಅಂಗೈ ಕೆಳಗೆ ಜೋಲುವುದನ್ನು ತೋರಿಸಿದನು. “ಹಿಂಗ ಆಗತೈತಿ. ಮಣಿಕಟ್ಟು ಎತ್ತಾಕ ಬರಂಗಿಲ್ಲ.” ಮಕ್ಕಳೆಲ್ಲ ತಂತಮ್ಮ ಕೈ ಜೋಲಿಸಿ ನಕ್ಕರು. ಹೊರಗೆ ಬಂದ ಮೇಲೆ ಅವನು ಹೇಳಿದ್ದು ಇಷ್ಟು: “ಸರ್, ಮೌಖಿಕದಾಗ ನನಗ ಇದನ್ನ ಕೇಳಿದ್ರು. ಉತ್ತರ ಗೊತ್ತಿತ್ತು. ಬಾಯಿ ತೆರಿಲಿಲ್ಲ.” ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂದು ನಮ್ಮ ತರಬೇತಿಯ ಪುಸ್ತಕದಲ್ಲಿತ್ತು, ಅಂಥ ಸಾಲುಗಳನ್ನು ಪರೀಕ್ಷೆಗಾಗಿ ಓದಿ ಮರೆಯುವುದೇ ಹೆಚ್ಚು. ಮೂರನೆಯ ದಿನ ಅವನು ಬಸ್ಸು ಹತ್ತಿದನು. ವಾರ್ಷಿಕ ಪರೀಕ್ಷೆಯಲ್ಲಿ ಶರೀರರಚನೆಯಲ್ಲಿ ಪಾರಾದನು, ಜೀವರಸಾಯನದಲ್ಲಿ ಬಿದ್ದನು, ಪೂರಕ ಪರೀಕ್ಷೆಯಲ್ಲಿ ಅದನ್ನೂ ದಾಟಿದನು. ಈಗ ಮುಂದಿನ ವರ್ಷಗಳಲ್ಲಿ ಓದುತ್ತಿದ್ದಾನೆ. ಮೊದಲನೆಯವನೇನೂ ಅಲ್ಲ.

ಎಲ್ಲ ಮಕ್ಕಳೂ ಟ್ರಂಕು ಹಿಡಿದು ಮನೆಗೆ ಬರುವುದಿಲ್ಲ. ಕೆಲವರು ಅಲ್ಲಿಯೇ ಮೌನವಾಗಿ ಕುಗ್ಗುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಹೊರತಂದ ವರದಿಯಲ್ಲಿ, ಸಮೀಕ್ಷೆಗೆ ಉತ್ತರಿಸಿದ ಪದವಿ ವಿದ್ಯಾರ್ಥಿಗಳಲ್ಲಿ ನಾಲ್ವರಲ್ಲೊಬ್ಬರಿಗಿಂತ ಹೆಚ್ಚು ಮಂದಿ ತಮಗೆ ಮಾನಸಿಕ ತೊಂದರೆಯಿರುವುದು ಪತ್ತೆಯಾಗಿದೆಯೆಂದು ತಿಳಿಸಿದ್ದಾರೆ. ವೈದ್ಯರಾಗಲಿರುವವರ ಸ್ಥಿತಿಯಿದು. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡಬಹುದು. ಮಗುವಿನ ಟ್ರಂಕಿನ ಮುಚ್ಚಳದ ಒಳಗೆ ಬರೆದು ಅಂಟಿಸಿರಿ. ಹಿರಿಯ ವಿದ್ಯಾರ್ಥಿಗಳ ಕಿರುಕುಳದ ವಿಷಯ ಪಾಲಕರಿಗೆ ಗೊತ್ತಿದೆ. ಮಹಾರಾಷ್ಟ್ರದಲ್ಲಿ 1999ರಿಂದಲೇ ಅದರ ವಿರುದ್ಧ ಕಾಯಿದೆಯಿದೆ, ಪ್ರವೇಶದ ವೇಳೆ ಮಗುವೂ ಪಾಲಕರೂ ಪ್ರತಿಜ್ಞಾಪತ್ರ ಬರೆದುಕೊಡಬೇಕು. ಅದನ್ನು ಓದದೆ ಸಹಿ ಮಾಡಬೇಡಿರಿ. ದಿನಾಲು ರಾತ್ರಿ ಫೋನು ಮಾಡಿ ಎಷ್ಟು ಅಂಕ ಬಂದವೆಂದು ಕೇಳುವ ತಂದೆಯರಿಗೆ ಒಂದು ಮಾತು: ಊಟಕ್ಕೆ ಏನಿತ್ತೆಂದು ಕೇಳಿರಿ. ಮಿಕ್ಕದ್ದನ್ನು ಮಗು ತಾನಾಗಿ ಹೇಳುತ್ತದೆ, ಇಲ್ಲವೆ ಅದರ ದನಿ ಹೇಳುತ್ತದೆ.

ಇಚಲಕರಂಜಿಯ ಹುಡುಗಿಯ ಸಂಗತಿ ಇನ್ನೊಂದಿಷ್ಟಿದೆ. ಈಗಿನ ಪದ್ಧತಿಯಲ್ಲಿ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳಿಗೆ ಹಳ್ಳಿಯ ಕೆಲವು ಕುಟುಂಬಗಳನ್ನು ಒಪ್ಪಿಸುತ್ತಾರೆ. ಅವರ ಮನೆಗೆ ಹೋಗಿ ಆರೋಗ್ಯ ವಿಚಾರಿಸಿ, ರಕ್ತದೊತ್ತಡ ನೋಡಿ, ಬರೆದಿಡಬೇಕು. ಅವಳ ಪಾಲಿನ ಒಂದು ಮನೆಯಲ್ಲಿ ಕನ್ನಡದ ಮುದುಕಿಯೊಬ್ಬಳಿದ್ದಳು. ಗುಂಪಿನ ಹುಡುಗರು ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ ಆಕೆ ಎಲ್ಲ ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಇವಳು ಕನ್ನಡದಲ್ಲಿ “ಆಯಿ, ಏನಾಗತೈತಿ?” ಎಂದ ಕೂಡಲೇ ಆಕೆ ಕೈ ಹಿಡಿದುಕೊಂಡು, ಕಾಲು ಹರಿಯುತ್ತವೆ, ಏಳುವಾಗ ಕಣ್ಣಿಗೆ ಕತ್ತಲೆ ಬರುತ್ತದೆ, ಎದೆ ಝುಂ ಎನ್ನುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳಂತೆ. ಅವಳು ಬರೆದುಕೊಂಡಳು. ‘ಕಾಲು ಹರಿಯುವುದು’ ಎಂಬುದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕೆಂದು ಅಧ್ಯಾಪಕರನ್ನು ಕೇಳಿದರೆ ಅವರಿಗೂ ಹೊಳೆಯಲಿಲ್ಲ.

ಅಂದಿನಿಂದ ಅವಳೂ ಆ ಹುಡುಗನೂ, ನಡುವೆ ನಾವೂ, ಒಂದು ವಹಿಯನ್ನು ಮಾಡಿಕೊಂಡಿದ್ದೇವೆ. ನಮ್ಮ ಗಡಿಯ ಊರುಗಳಲ್ಲಿ ಮೈಯ ಭಾಗಗಳಿಗೂ ನೋವುಗಳಿಗೂ ಹಿರಿಯರು ಆಡುವ ಶಬ್ದಗಳನ್ನು ಎಡಗಡೆ, ಮರಾಠಿಯನ್ನು ನಡುವೆ, ವೈದ್ಯರ ಶಬ್ದವನ್ನು ಬಲಗಡೆ ಬರೆಯುವುದು. ನೂರ ನಲವತ್ತು ಶಬ್ದಗಳಾಗಿವೆ. ಬಲಗಡೆಯ ಮನೆ ಕೆಲವೆಡೆ ಇನ್ನೂ ಖಾಲಿ ಇದೆ. ಓದುಗರು ತಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಊರ ಹೆಸರು ಸಹಿತ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಉಪಕಾರವಾಗುತ್ತದೆ. ಮೊಣಕಾಲ ಹಿಂದಿನ ಮೆತ್ತನೆಯ ಗುಣಿಗೆ ನಿಮ್ಮಲ್ಲಿ ಏನೆನ್ನುತ್ತಾರೆಂಬುದು ನಮಗೆ ಸದ್ಯ ಬೇಕಾಗಿದೆ. ನಮ್ಮೂರಿನಲ್ಲಿ ಮೂವರು ಮೂರು ಹೆಸರು ಹೇಳಿದ್ದಾರೆ.